ತಂದೆ-ತಾಯಿ ತೀರಿಕೊಂಡ ಮೇಲೆ ಬರುವ ಆಸ್ತಿಗೆ ತೆರಿಗೆ ಕಟ್ಟಬೇಕೇ? ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

'ಇನ್ನು ಮುಂದೆ ಅಪ್ಪನ ಆಸ್ತಿ ಮಕ್ಕಳಿಗೆ ಬರಬೇಕಾದರೆ ಅರ್ಧಕ್ಕರ್ಧ ಸರ್ಕಾರಕ್ಕೆ ಕೊಡಬೇಕು. ಈಗಲೇ ಎಚ್ಚೆತ್ತುಕೊಳ್ಳಿ, ಎಲ್ಲರಿಗೂ ಕಳಿಸಿ' ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತವೆ. ಕೆಲವದರಲ್ಲಿ ಶೇಕಡ 40 ಎಂದಿರುತ್ತದೆ, ಕೆಲವದರಲ್ಲಿ 55, ಇನ್ನು ಕೆಲವದರಲ್ಲಿ 85.

ನಮ್ಮ ಓದುಗರೊಬ್ಬರು ಇಂಥದ್ದೇ ಸಂದೇಶವನ್ನು ಕಳಿಸಿ ಒಂದು ಪ್ರಶ್ನೆ ಕೇಳಿದ್ದರು: "ಅಮ್ಮನಿಗೆ 74 ವರ್ಷ. ಮನೆ ಅವರ ಹೆಸರಿನಲ್ಲಿದೆ. ತೆರಿಗೆ ಬರುವ ಮುಂಚೆ ನನ್ನ ಹೆಸರಿಗೆ ಬರೆಸಿಕೊಂಡುಬಿಡಲೇ?"

ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ. ಇಲ್ಲಿ ಸುಳ್ಳು ಸುದ್ದಿ ಬರೀ ಸುಳ್ಳು ಸುದ್ದಿಯಾಗಿ ಉಳಿಯುವುದಿಲ್ಲ. ಅದನ್ನು ನಂಬಿದ ವಯಸ್ಸಾದವರು ಇರುವ ಒಂದೇ ಮನೆಯನ್ನು ಬರೆದುಕೊಟ್ಟು, ಆಮೇಲೆ ಬೇರೆಯವರ ಮನೆಯಲ್ಲಿ ಇದ್ದಂತೆ ಬದುಕಬೇಕಾಗಬಹುದು.

ಮೊದಲು ನೇರ ಉತ್ತರ

ಭಾರತದಲ್ಲಿ ಈಗ ಪಿತ್ರಾರ್ಜಿತ ಆಸ್ತಿ ತೆರಿಗೆ ಇಲ್ಲ. ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಯಾರೇ ತೀರಿಕೊಂಡು ಅವರ ಮನೆ, ಸೈಟು, ಜಮೀನು, ಚಿನ್ನ, ಬ್ಯಾಂಕ್ ಠೇವಣಿ, ಷೇರು ನಿಮಗೆ ಬಂದರೆ, ಬಂದ ಕಾರಣಕ್ಕಾಗಿ ತೆರಿಗೆ ಕಟ್ಟಬೇಕಿಲ್ಲ. ವಿಲ್ ಮೂಲಕ ಬಂದರೂ ಅಷ್ಟೇ, ವಿಲ್ ಇಲ್ಲದೆ ವಾರಸುದಾರಿಕೆಯಿಂದ ಬಂದರೂ ಅಷ್ಟೇ. ಮೊತ್ತ ಐದು ಲಕ್ಷವಿರಲಿ, ಐದು ಕೋಟಿಯಿರಲಿ, ಲೆಕ್ಕ ಒಂದೇ.

ಆದರೆ ಆಸ್ತಿ ಕೈಗೆ ಬಂದ ಮೇಲೆ ಅದರಿಂದ ಹುಟ್ಟುವ ಆದಾಯಕ್ಕೆ ಮತ್ತು ಅದನ್ನು ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಇದೆ. ಜನ ಎಡವುವುದು ಇಲ್ಲೇ. ಅದನ್ನು ಮುಂದೆ ನೋಡೋಣ.

ಹಾಗಾದರೆ ಈ ಸಂದೇಶಗಳು ಹುಟ್ಟಿದ್ದೆಲ್ಲಿಂದ?

ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಇಂಥ ತೆರಿಗೆ ಒಂದು ಕಾಲದಲ್ಲಿ ಇತ್ತು. ಅದರ ಹೆಸರು ಎಸ್ಟೇಟ್ ಡ್ಯೂಟಿ. 1953ರ ಕಾಯ್ದೆಯ ಮೂಲಕ ಜಾರಿಗೆ ಬಂತು. ಸತ್ತವರು ಬಿಟ್ಟುಹೋದ ಆಸ್ತಿಯ ಮೌಲ್ಯ ಹೆಚ್ಚಿದಂತೆ ತೆರಿಗೆಯ ದರವೂ ಹೆಚ್ಚುತ್ತಿತ್ತು. ಒಂದು ಹಂತದಲ್ಲಿ 20 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇಕಡ 85ರಷ್ಟು ತೆರಿಗೆ ಇತ್ತು. ಸಂದೇಶಗಳಲ್ಲಿ ಬರುವ 85 ಎಂಬ ಅಂಕಿ ಇದೇ.

1985ರ ಮಾರ್ಚ್‌ನಲ್ಲಿ ಬಜೆಟ್ ಮಂಡಿಸಿದ ಅಂದಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಈ ತೆರಿಗೆ ತೆಗೆದುಹಾಕುವುದಾಗಿ ಪ್ರಕಟಿಸಿದರು. ಅವರು ಕೊಟ್ಟ ಕಾರಣ ಸರಳ: ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ ಮಾತ್ರ, ವಸೂಲಿಗೆ ತಗಲುವ ಖರ್ಚು ಅದಕ್ಕೆ ಹೋಲಿಸಿದರೆ ಹೆಚ್ಚು. 1985ರ ಮಾರ್ಚ್ 16ರಿಂದ ಈಚೆಗೆ ಸಂಭವಿಸಿದ ಸಾವುಗಳಿಗೆ ಎಸ್ಟೇಟ್ ಡ್ಯೂಟಿ ಅನ್ವಯಿಸುವುದಿಲ್ಲ. ಅದರ ಜೊತೆಯಲ್ಲಿದ್ದ ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ ಹೋದವು.

ವಿಷಯ ಮತ್ತೆ ಬಿಸಿಯಾಗಿದ್ದು 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ. ಕಾಂಗ್ರೆಸ್‌ನ ಸಾಗರೋತ್ತರ ಘಟಕದ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆಯನ್ನು ಪ್ರಸ್ತಾಪಿಸಿ ಆಡಿದ ಮಾತು ದೊಡ್ಡ ವಿವಾದವಾಯಿತು. ಅದು ಪಕ್ಷದ ನಿಲುವಲ್ಲ ಎಂದು ಕಾಂಗ್ರೆಸ್ ಹೇಳಿತು. ಆದರೂ ಆಗ ಹುಟ್ಟಿದ ವಿಡಿಯೊ, ಪೋಸ್ಟರ್‌ಗಳು ತಾರೀಖು ಕಳಚಿಕೊಂಡು ಇಂದಿಗೂ ಓಡಾಡುತ್ತಿವೆ. ಚುನಾವಣೆಯ ಮಾತು ಒಂದು, ಸಂಸತ್ತಿನಲ್ಲಿ ಅಂಗೀಕಾರವಾದ ಕಾನೂನು ಇನ್ನೊಂದು. ನೀವು ತೆರಿಗೆ ಕಟ್ಟುವುದು ಕಾನೂನಿಗೆ.

ತಪ್ಪು ನಂಬಿಕೆ 1: "ಬಂದ ಆಸ್ತಿಗೆ ತೆರಿಗೆಯೇ ಇಲ್ಲ, ಮಾರಿದರೂ ಕಟ್ಟಬೇಕಿಲ್ಲ"

ಇದು ಮೊದಲಿನದಕ್ಕೆ ಉಲ್ಟಾ ಸುಳ್ಳು. ಅಪ್ಪ ಬಿಟ್ಟುಹೋದ ಮನೆಯ ಬಾಡಿಗೆ, ಠೇವಣಿಯ ಬಡ್ಡಿ, ಷೇರುಗಳ ಲಾಭಾಂಶ ಇವೆಲ್ಲ ಅವರು ತೀರಿಕೊಂಡ ದಿನದಿಂದ ವಾರಸುದಾರರ ಲೆಕ್ಕಕ್ಕೆ ಸೇರುತ್ತವೆ. ಅದನ್ನು ನಿಮ್ಮ ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು.

ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುತ್ತದೆ. ಇಲ್ಲಿ ಬಹಳ ಜನ ಮಾಡುವ ತಪ್ಪನ್ನು ಒಂದು ಉದಾಹರಣೆಯಲ್ಲಿ ನೋಡಿ.

ತಂದೆ 1992ರಲ್ಲಿ 80 ಸಾವಿರ ರೂಪಾಯಿಗೆ ಒಂದು ಸೈಟು ಕೊಂಡಿದ್ದರು ಎಂದುಕೊಳ್ಳಿ. 2020ರಲ್ಲಿ ಅವರು ತೀರಿಕೊಂಡಾಗ ಅದರ ಬೆಲೆ 45 ಲಕ್ಷ. ಮಗಳು ಈಗ ಅದನ್ನು 60 ಲಕ್ಷಕ್ಕೆ ಮಾರುತ್ತಾಳೆ. 'ನನಗೆ ಬಂದಾಗ 45 ಇತ್ತು, ಮಾರಿದ್ದು 60ಕ್ಕೆ, ಲಾಭ 15 ಲಕ್ಷ' ಎಂದು ಲೆಕ್ಕ ಹಾಕಿದರೆ ಅದು ತಪ್ಪು. ನಮ್ಮ ಕಾನೂನಿನಲ್ಲಿ ತೀರಿಕೊಂಡ ದಿನದ ಬೆಲೆಗೆ ಸ್ಥಾನವಿಲ್ಲ. ತಂದೆ ಕೊಂಡ ಬೆಲೆಯೇ ಮಗಳ ಬೆಲೆ. ತಂದೆ ಇಟ್ಟುಕೊಂಡಿದ್ದ ವರ್ಷಗಳೂ ಮಗಳ ಲೆಕ್ಕಕ್ಕೆ ಸೇರುತ್ತವೆ.

ಒಂದು ಅನುಕೂಲವಿದೆ. ಆಸ್ತಿ 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡದ್ದಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯಾಗಿ ತೆಗೆದುಕೊಳ್ಳಬಹುದು. ಜಮೀನು, ಕಟ್ಟಡಗಳಿಗೆ ಅದು ಅಂದಿನ ಮುದ್ರಾಂಕ ಶುಲ್ಕದ ಮೌಲ್ಯವನ್ನು ಮೀರುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಆ ದಿನದ ಬೆಲೆ 3 ಲಕ್ಷ ಎಂದಿಟ್ಟುಕೊಂಡರೆ ಲಾಭ 57 ಲಕ್ಷ. ಶೇಕಡ 12.5ರ ದರದಲ್ಲಿ ತೆರಿಗೆ 7 ಲಕ್ಷದ 12 ಸಾವಿರದ 500 ರೂಪಾಯಿ. ಸೆಸ್, ಸರ್‌ಚಾರ್ಜ್ ಬೇರೆ. ತಪ್ಪು ಲೆಕ್ಕದಲ್ಲಿ ಕಟ್ಟುತ್ತಿದ್ದದ್ದು 1 ಲಕ್ಷದ 87 ಸಾವಿರದ 500 ಮಾತ್ರ. ವ್ಯತ್ಯಾಸ ಐದು ಲಕ್ಷಕ್ಕೂ ಹೆಚ್ಚು. ನೋಟಿಸು ಬಂದರೆ ಅದಕ್ಕೆ ಬಡ್ಡಿಯೂ ಸೇರುತ್ತದೆ.

2024ರ ಜುಲೈ 23ಕ್ಕಿಂತ ಮೊದಲು ಕೊಂಡ ಜಮೀನು, ಕಟ್ಟಡಗಳಿಗೆ ಭಾರತದಲ್ಲಿ ವಾಸವಿರುವವರು ಹಣದುಬ್ಬರ ಸೂಚ್ಯಂಕ ಸೇರಿಸಿ ಶೇಕಡ 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಬಹುದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ಲಾಭದ ಹಣದಲ್ಲಿ ನಿಗದಿತ ಅವಧಿಯೊಳಗೆ ವಾಸದ ಮನೆ ಕೊಂಡರೆ ಅಥವಾ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ತೊಡಗಿಸಿದರೆ ವಿನಾಯಿತಿಯೂ ಇದೆ. ಪಟ್ಟಣದ ಮಿತಿಯಿಂದ ದೂರವಿರುವ ಗ್ರಾಮೀಣ ಕೃಷಿ ಜಮೀನು ಈ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ.

ಆದ್ದರಿಂದ ಹಳೆಯ ಕ್ರಯಪತ್ರವನ್ನು ಜೋಪಾನವಾಗಿಡಿ. ಟ್ರಂಕಿನ ತಳದಲ್ಲಿರುವ ಆ ಹಳದಿ ಕಾಗದಕ್ಕೆ ಲಕ್ಷಗಟ್ಟಲೆ ಬೆಲೆ ಇದೆ.

ತಪ್ಪು ನಂಬಿಕೆ 2: "ಸತ್ತವರ ಲೆಕ್ಕ ಅವರ ಜೊತೆಗೇ ಮುಗಿಯಿತು"

ಮುಗಿಯುವುದಿಲ್ಲ. ಆ ಆರ್ಥಿಕ ವರ್ಷದ ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗೆ ಅವರಿಗೆ ತೆರಿಗೆಗೆ ಒಳಪಡುವಷ್ಟು ಆದಾಯವಿದ್ದರೆ, ಕಾನೂನುಬದ್ಧ ವಾರಸುದಾರರು ಅವರ ಪರವಾಗಿ ವಿವರ ಸಲ್ಲಿಸಬೇಕು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಮೊದಲು ವಾರಸುದಾರರಾಗಿ ನೋಂದಾಯಿಸಿಕೊಳ್ಳಬೇಕು. ಕಡಿತವಾದ ಟಿಡಿಎಸ್ ವಾಪಸು ಬರುವುದಿದ್ದರೆ ಅದಕ್ಕೂ ಇದೇ ದಾರಿ.

ಅವರ ಬಾಕಿ ತೆರಿಗೆ, ಸಾಲಗಳನ್ನು ಅವರು ಬಿಟ್ಟುಹೋದ ಆಸ್ತಿಯಿಂದ ತೀರಿಸಬೇಕು. ಆದರೆ ನಿಮಗೆ ಬಂದ ಆಸ್ತಿಯ ಮೌಲ್ಯದಷ್ಟೇ ನಿಮ್ಮ ಹೊಣೆ. ಅಪ್ಪ 10 ಲಕ್ಷ ಸಾಲ ಮಾಡಿ 4 ಲಕ್ಷದ ಆಸ್ತಿ ಬಿಟ್ಟಿದ್ದರೆ, ಮಗ ಜಾಮೀನು ಹಾಕದೆ ಇದ್ದಲ್ಲಿ, ಉಳಿದ 6 ಲಕ್ಷವನ್ನು ಅವನ ಸ್ವಂತ ದುಡಿಮೆಯಿಂದ ವಸೂಲಿ ಮಾಡುವಂತಿಲ್ಲ.

ತಪ್ಪು ನಂಬಿಕೆ 3: "ನಾಮಿನಿ ಹಾಕಿದ್ದೇವೆ, ವಿಲ್ ಯಾಕೆ ಬೇಕು?"

ತೆರಿಗೆಗಿಂತ ಹೆಚ್ಚು ಮನೆಗಳನ್ನು ಒಡೆದಿರುವುದು ಈ ನಂಬಿಕೆ. ಸಾಮಾನ್ಯವಾಗಿ ನಾಮಿನಿ ಎಂದರೆ ಹಣ ಅಥವಾ ಷೇರನ್ನು ಸಂಸ್ಥೆಯಿಂದ ಪಡೆದುಕೊಳ್ಳುವ ವ್ಯಕ್ತಿ, ಮಾಲೀಕರಲ್ಲ. ಪಡೆದದ್ದನ್ನು ವಿಲ್ ಪ್ರಕಾರ ಅಥವಾ ವಾರಸುದಾರಿಕೆ ಕಾನೂನಿನ ಪ್ರಕಾರ ಹಕ್ಕುದಾರರಿಗೆ ತಲುಪಿಸಬೇಕು. ಷೇರುಗಳ ವಿಷಯದಲ್ಲೂ ನಿಯಮ ಇದೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಜೀವ ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣದ ಹಕ್ಕೂ ಅವರದೇ ಆಗುತ್ತದೆ.

ಹಾಗಂತ ನಾಮಿನಿ ಬೇಡವೆಂದಲ್ಲ. ನಾಮಿನಿ ಇದ್ದರೆ ಬ್ಯಾಂಕಿನಿಂದ ಹಣ ಬೇಗ ಬರುತ್ತದೆ. ಬ್ಯಾಂಕ್ ಖಾತೆಗೆ ಈಗ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಾಗೆ ಉಳಿದುಹೋದ ಹಣವನ್ನು ರಿಸರ್ವ್ ಬ್ಯಾಂಕಿನ 'ಉದ್ಗಮ್' ಪೋರ್ಟಲ್‌ನಲ್ಲಿ ಹುಡುಕಿ, ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು.

ತಪ್ಪು ನಂಬಿಕೆ 4: "ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ"

ಹಿಂದೂ ಪುರುಷರೊಬ್ಬರು ವಿಲ್ ಬರೆಯದೆ ತೀರಿಕೊಂಡರೆ, ಅವರ ಸ್ವಯಾರ್ಜಿತ ಆಸ್ತಿ ಮೊದಲು ಸೇರುವುದು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ, ಸಮಪಾಲಿನಲ್ಲಿ. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಮತ್ತು ವೃದ್ಧ ತಾಯಿ ಇದ್ದರೆ ನಾಲ್ಕು ಪಾಲು. ಮಗಳಿಗೆ ಮದುವೆಯಾಗಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಅಜ್ಜಿಯ ಪಾಲನ್ನು ಮರೆಯುವವರೇ ಹೆಚ್ಚು.

ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. 2005ರಲ್ಲಿ ತಂದೆ ಬದುಕಿರಬೇಕಿತ್ತು ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು: ತಂದೆ ಬದುಕಿರಲೇಬೇಕೆಂದೇನಿಲ್ಲ. ಮುಸ್ಲಿಮರಿಗೆ, ಕ್ರೈಸ್ತರಿಗೆ ವಾರಸುದಾರಿಕೆಯ ನಿಯಮಗಳು ಬೇರೆ. ಆದರೆ ಪಿತ್ರಾರ್ಜಿತ ಆಸ್ತಿ ತೆರಿಗೆ ಇಲ್ಲ ಎನ್ನುವುದು ಎಲ್ಲರಿಗೂ ಒಂದೇ.

ತೆರಿಗೆಯ ಭಯಕ್ಕೆ ಮನೆ ಬರೆದುಕೊಡಬೇಡಿ

ಈಗ ನಮ್ಮ ಓದುಗರ ಪ್ರಶ್ನೆಗೆ ಬರೋಣ. ಅಮ್ಮ ಬದುಕಿರುವಾಗಲೇ ದಾನಪತ್ರ ಮಾಡಿಕೊಟ್ಟರೆ ಮಗನಿಗೆ ಆದಾಯ ತೆರಿಗೆ ಬರುವುದಿಲ್ಲ, ಏಕೆಂದರೆ ಹತ್ತಿರದ ಸಂಬಂಧಿಕರಿಂದ ಬಂದ ಉಡುಗೊರೆಗೆ ತೆರಿಗೆ ಇಲ್ಲ. ಅಮ್ಮನ ಕಾಲಾನಂತರ ವಿಲ್ ಮೂಲಕ ಬಂದರೂ ತೆರಿಗೆ ಇಲ್ಲ. ಎರಡೂ ಕಡೆ ಸೊನ್ನೆಯೇ ಆದಾಗ ಅವಸರವೇಕೆ?

ವ್ಯತ್ಯಾಸ ಬೇರೆಡೆ ಇದೆ. ನೋಂದಣಿಯಾದ ದಾನಪತ್ರ ಆ ಕ್ಷಣದಿಂದಲೇ ಜಾರಿ, ಅದರಂತೆ ಮನೆ ಅಮ್ಮನದಲ್ಲ. ನೋಂದಣಿ ಖರ್ಚೂ ಇದೆ. ಮಗನಿಗೆ ಸಾಲವಾದರೆ ಸಾಲಗಾರರು ಆ ಮನೆಯ ಮೇಲೆ ಕಣ್ಣಿಡಬಹುದು. ವಿಲ್ ಹಾಗಲ್ಲ. ಬರೆದವರು ಇರುವವರೆಗೆ ಆಸ್ತಿ ಅವರದೇ, ಮನಸ್ಸು ಬದಲಾದರೆ ಹೊಸ ವಿಲ್ ಬರೆಯಬಹುದು.

ಬರೆದುಕೊಡಲೇಬೇಕೆಂದಿದ್ದರೆ, 'ಜೀವಿತಾವಧಿಯವರೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕು ನನ್ನದು' ಮತ್ತು 'ನನ್ನ ಪೋಷಣೆ ಮಾಡಬೇಕು' ಎಂಬ ಷರತ್ತುಗಳನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದಾಗ, ರದ್ದು ಮಾಡಿಸಲು ನ್ಯಾಯಮಂಡಳಿಗೆ ಹೋಗಬಹುದು. ಷರತ್ತೇ ಬರೆದಿಲ್ಲದಿದ್ದರೆ ಈ ಹೋರಾಟ ಕಷ್ಟವಾಗುತ್ತದೆ.

ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರೇ ಸಾಕ್ಷಿಯಾಗದಿರುವುದು ಒಳ್ಳೆಯದು. ಮುಂದೆ ತಕರಾರು ಬರಬಹುದೆಂದು ಅನಿಸಿದರೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ ಮಾತ್ರ ವಿಲ್ ಮಾಡಬಹುದು.

ನಿಜವಾಗಿ ಈ ತೆರಿಗೆ ತಗಲುವುದು ಯಾರಿಗೆ?

ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಮತ್ತು ವಿದೇಶಿ ಆಸ್ತಿ ಇರುವವರಿಗೆ ಇದು ದೂರದ ಮಾತಲ್ಲ.

ಬ್ರಿಟನ್: ಒಬ್ಬರು ಬಿಟ್ಟುಹೋದ ಆಸ್ತಿಯಲ್ಲಿ ಮೊದಲ 3,25,000 ಪೌಂಡ್‌ಗೆ ತೆರಿಗೆ ಇಲ್ಲ. ಅದನ್ನು ಮೀರಿದ ಭಾಗಕ್ಕೆ ಶೇಕಡ 40. ವಾಸದ ಮನೆ ಮಕ್ಕಳು, ಮೊಮ್ಮಕ್ಕಳಿಗೆ ಹೋದರೆ ಇನ್ನೂ 1,75,000 ಪೌಂಡ್‌ವರೆಗೆ ವಿನಾಯಿತಿ ಸಿಗುತ್ತದೆ. ಅಂದರೆ ಒಬ್ಬ ತಾಯಿ ಮನೆಯೂ ಸೇರಿ 6 ಲಕ್ಷ ಪೌಂಡ್ ಆಸ್ತಿಯನ್ನು ಮಗಳಿಗೆ ಬಿಟ್ಟರೆ, ತೆರಿಗೆ 1 ಲಕ್ಷದ ಮೇಲೆ ಮಾತ್ರ: 40 ಸಾವಿರ ಪೌಂಡ್. ಕೊಟ್ಟು ಏಳು ವರ್ಷ ಬದುಕಿದ್ದರೆ ಆ ಉಡುಗೊರೆ ಸಾಮಾನ್ಯವಾಗಿ ಲೆಕ್ಕದಿಂದ ಹೊರಗುಳಿಯುತ್ತದೆ. 2025ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ: ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಅಲ್ಲಿ ವಾಸವಿದ್ದವರ ಜಗತ್ತಿನ ಎಲ್ಲ ಆಸ್ತಿಯೂ ಲೆಕ್ಕಕ್ಕೆ ಬರಬಹುದು, ಊರಿನ ತೋಟವೂ ಸೇರಿ. ಎರಡು ದೇಶಗಳ ನಡುವಿನ 1956ರ ಹಳೆಯ ಒಪ್ಪಂದವೊಂದು ಕೆಲವರ ಲೆಕ್ಕವನ್ನು ಬದಲಿಸುತ್ತದೆ. ಹಾಗಾಗಿ ಅಲ್ಲಿನ ತೆರಿಗೆ ಸಲಹೆಗಾರರನ್ನು ಕೇಳದೆ ಮುಂದುವರಿಯಬೇಡಿ.

ಅಮೆರಿಕ: ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನೆಲೆಸಿದವರಿಗೆ 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ಕೇಂದ್ರದ ಎಸ್ಟೇಟ್ ತೆರಿಗೆ ಇಲ್ಲ. ಅದರ ಮೇಲೆ ಗರಿಷ್ಠ ದರ ಶೇಕಡ 40. ಸಾಮಾನ್ಯ ಕುಟುಂಬಗಳಿಗೆ ಇದು ತಟ್ಟುವುದಿಲ್ಲ. ಕೆಲವು ರಾಜ್ಯಗಳಿಗೆ ತಮ್ಮದೇ ತೆರಿಗೆ ಇದೆ.

ನಮ್ಮವರಿಗೆ ಗೊತ್ತಿಲ್ಲದ್ದು ಇನ್ನೊಂದು ನಿಯಮ. ಅಮೆರಿಕದ ನಾಗರಿಕರೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ವ್ಯಕ್ತಿ ಅಮೆರಿಕದ ಆಸ್ತಿ ಬಿಟ್ಟುಹೋದರೆ ವಿನಾಯಿತಿ 60 ಸಾವಿರ ಡಾಲರ್ ಮಾತ್ರ. ಅಮೆರಿಕದ ಕಂಪನಿಗಳ ಷೇರುಗಳೂ ಇದರಲ್ಲಿ ಸೇರುತ್ತವೆ. ಬೆಂಗಳೂರಿನಲ್ಲಿ ಕೂತು ಆ್ಯಪ್ ಮೂಲಕ ಕೊಂಡವೂ, ಐಟಿ ಕಂಪನಿ ಸಂಬಳದ ಭಾಗವಾಗಿ ಕೊಟ್ಟ ಅಮೆರಿಕದ ಮಾತೃಸಂಸ್ಥೆಯ ಷೇರುಗಳೂ ಅಷ್ಟೇ. ಎಸ್ಟೇಟ್ ತೆರಿಗೆಯ ಬಗ್ಗೆ ಭಾರತ ಮತ್ತು ಅಮೆರಿಕದ ನಡುವೆ ಒಪ್ಪಂದವಿಲ್ಲ. ಇಂಥ ಷೇರುಗಳು ಹೆಚ್ಚು ಜಮೆಯಾಗಿದ್ದರೆ ಆಗಾಗ ಮಾರಿ ಕಡಿಮೆ ಮಾಡಿಕೊಳ್ಳುವುದು ಅಥವಾ ಭಾರತದ ಮ್ಯೂಚುವಲ್ ಫಂಡ್ ಮೂಲಕ ತೊಡಗಿಸುವುದು ಜನ ಅನುಸರಿಸುವ ದಾರಿಗಳು. ಅಂಥ ಫಂಡ್‌ನ ಯೂನಿಟ್ಟು ಭಾರತದ ಆಸ್ತಿ. ಕನಿಷ್ಠ ಪಕ್ಷ ಆ ಖಾತೆ ಇದೆ ಎನ್ನುವುದಾದರೂ ಮನೆಯವರಿಗೆ ಗೊತ್ತಿರಲಿ.

ಶೇಕಡ 55 ಎಂಬ ದರ ಜಪಾನ್‌ನಲ್ಲಿ ಗರಿಷ್ಠ ಹಂತಕ್ಕಿದೆ. ಸಿಂಗಾಪುರ, ಆಸ್ಟ್ರೇಲಿಯಾಗಳಲ್ಲಿ ಪಿತ್ರಾರ್ಜಿತ ತೆರಿಗೆ ಇಲ್ಲ. ಕೆನಡಾದಲ್ಲೂ ಆ ಹೆಸರಿನ ತೆರಿಗೆ ಇಲ್ಲ, ಆದರೆ ತೀರಿಕೊಂಡ ದಿನ ಆಸ್ತಿಯನ್ನು ಮಾರಿದಂತೆ ಭಾವಿಸಿ ಬಂಡವಾಳ ಲಾಭ ಲೆಕ್ಕ ಹಾಕುತ್ತಾರೆ.

ಇವತ್ತೇ ಮಾಡಬಹುದಾದ ಕೆಲಸಗಳು

1. ಒಂದು ನೋಟ್‌ಪುಸ್ತಕದಲ್ಲಿ ಬ್ಯಾಂಕ್ ಖಾತೆ, ಠೇವಣಿ, ವಿಮೆ, ಷೇರು, ಲಾಕರ್, ಕೊಟ್ಟ ಸಾಲ, ಪಡೆದ ಸಾಲ ಎಲ್ಲವನ್ನೂ ಬರೆದಿಡಿ. ಪಾಸ್‌ವರ್ಡ್ ಬರೆಯಬೇಡಿ, ಏನು ಎಲ್ಲಿದೆ ಎಂಬುದಷ್ಟೇ ಸಾಕು.

2. ಪ್ರತಿ ಖಾತೆಯಲ್ಲೂ ನಾಮಿನಿ ಯಾರೆಂದು ನೋಡಿ. ಮದುವೆಗೆ ಮುಂಚೆ ಹಾಕಿದ ಹೆಸರು ಹಾಗೇ ಉಳಿದಿರಬಹುದು.

3. ವಿಲ್ ಬರೆಯಿರಿ. ಅದು ಎಲ್ಲಿದೆ ಎಂದು ಇಬ್ಬರಿಗಾದರೂ ಹೇಳಿ.

4. ಯಾರಾದರೂ ತೀರಿಕೊಂಡಾಗ 21 ದಿನದೊಳಗೆ ಮರಣ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿ ಪಡೆದುಕೊಳ್ಳಿ. ಹೆಸರಿನ ಅಕ್ಷರ ಆಧಾರ್, ಪಹಣಿ, ಪಾಸ್‌ಬುಕ್‌ಗಳಿಗೆ ಹೊಂದಬೇಕು.

5. ಜಮೀನಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದರೆ ಸಾಲ, ಪರಿಹಾರ, ಮಾರಾಟ ಎಲ್ಲಕ್ಕೂ ತೊಡಕು. ಖಾತೆ ಬದಲಾವಣೆಗೆ ಪಿತ್ರಾರ್ಜಿತ ತೆರಿಗೆ ಇಲ್ಲ; ಕೇಳಿದರೆ ರಸೀದಿ ಕೇಳಿ. ಖಾತೆ ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ ಎಂಬುದೂ ನೆನಪಿರಲಿ.

6. ದಾನಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿ, ಓದಿಸಿ. ವಕೀಲರಿಗೆ ಕೊಡುವ ಶುಲ್ಕ ಮುಂದಿನ ವ್ಯಾಜ್ಯಕ್ಕಿಂತ ಅಗ್ಗ.

ನಮ್ಮ ತೀರ್ಮಾನ

'ಭಾರತದಲ್ಲಿ ಅಪ್ಪನ ಆಸ್ತಿಗೆ ಅರ್ಧ ತೆರಿಗೆ' ಎಂಬ ಸಂದೇಶ ಸುಳ್ಳು. 1985ಕ್ಕೆ ಮುಂಚೆ ಇಂಥ ತೆರಿಗೆ ಇತ್ತು ಎಂಬುದು ನಿಜ. ಮುಂದೆ ಯಾವುದಾದರೂ ಸರ್ಕಾರ ತರಬಾರದೆಂದೇನೂ ಇಲ್ಲ. ಆದರೆ ಅದು ಸಂಸತ್ತಿನ ಮೂಲಕವೇ ಬರಬೇಕು, ಬಂದರೆ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿರುತ್ತದೆ. ಯಾರದೋ ಫಾರ್ವರ್ಡ್‌ನಿಂದ ನಿಮಗೆ ಮೊದಲು ಗೊತ್ತಾಗುವ ವಿಷಯವಲ್ಲ.

ನಾವು ಆ ಓದುಗರಿಗೆ ಬರೆದ ಉತ್ತರ ಇಷ್ಟೇ: ಮನೆ ಅಮ್ಮನ ಹೆಸರಿನಲ್ಲೇ ಇರಲಿ. ಅವರಿಗೆ ಇಷ್ಟವಿದ್ದರೆ ಅವರೇ ವಿಲ್ ಬರೆಯಲಿ. ಅಕ್ಕ-ತಂಗಿಯರಿದ್ದರೆ ಅವರಿಗೂ ವಿಷಯ ಗೊತ್ತಿರಲಿ. ಮುಂದಿನ ಸಲ ಮನೆಯ ಗುಂಪಿಗೆ ಆ ಹಳೆಯ ಸಂದೇಶ ಬಂದಾಗ, ಅದನ್ನು ಮುಂದಕ್ಕೆ ತಳ್ಳುವ ಬದಲು ಅಮ್ಮನ ಹತ್ತಿರ ಕೂತು ನಾಮಿನಿ ಯಾರೆಂದು ನೋಡಿ. ಹತ್ತು ನಿಮಿಷದ ಕೆಲಸ.